ಗಾಜಿಗೆ ಬೆರಳು ತಾಗಬಾರದು

ಹೆಡ್‌ಲೈಟಿನ ಬಲ್ಬು ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಕೈಯ ಜಿಡ್ಡು ಗಾಜಿಗೆ ಅಂಟುತ್ತದೆ, ಬಲ್ಬು ಉರಿಯುವಾಗ ಆ ಜಾಗ ಮಾತ್ರ ಹೆಚ್ಚು ಕಾದು, ವರ್ಷಗಟ್ಟಲೆ ಬಾಳಬೇಕಾದದ್ದು ನಾಲ್ಕೈದು ತಿಂಗಳಿಗೆ ಕಣ್ಣು ಮುಚ್ಚುತ್ತದೆ. ನನ್ನ ಗುರು ಕಲಿಸಿದ ಮೊದಲ ಪಾಠ ಇದು. ನಮ್ಮೂರು ಕೌಲಾಕಿನ ಬಸ್ ನಿಲ್ದಾಣದ ಹಿಂದೆ ಬೇವಿನ ಮರದ ಕೆಳಗೆ ಇಪ್ಪತ್ತೆಂಟು ವರ್ಷದಿಂದ ಗಾಡಿಗಳ ಕರೆಂಟಿನ ಕೆಲಸ ಮಾಡುತ್ತಿದ್ದೇನೆ. ಬಟ್ಟೆ ಹಿಡಿಯದೆ ಯಾರ ಗಾಡಿಗೂ ಬಲ್ಬು ಹಾಕಿದವನಲ್ಲ. ಒಬ್ಬಳ ಗಾಡಿ ಬಿಟ್ಟು.

ಆ ಒಬ್ಬಳ ಗಾಡಿಗೆ ಮಾತ್ರ, ಗಾಜನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಚೆನ್ನಾಗಿ ಒತ್ತಿ ಹಿಡಿದು ಹಾಕುತ್ತಿದ್ದೆ. ಅದೂ ಬಲಗಡೆಯದಕ್ಕೆ ಮಾತ್ರ. ನಮ್ಮ ದೇಶದಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಹಾಗಾಗಿ ಎಡಗಡೆಯ ದೀಪ ಎದುರಿನಿಂದ ಬರುವ ಗಾಡಿಗಳಿಗೆ ಕಾಣಬೇಕಾದದ್ದು. ಅದು ಹೋದರೆ ಕತ್ತಲಲ್ಲಿ ಲಾರಿಯವನು ಇದನ್ನು ಮೋಟಾರ್‌ಬೈಕ್ ಎಂದುಕೊಂಡು ಮೈಮೇಲೆ ಬರುತ್ತಾನೆ. ನಾನು ಮೋಸಗಾರನಿರಬಹುದು, ಕೊಲೆಗಾರನಲ್ಲ.

ಅವಳ ಹೆಸರು ಓಡೀಲ್ ಬಸೇನ್. ದಕ್ಷಿಣದ ಕಾಸಮಾನ್ಸ್ ಕಡೆಯ ಜೋಲಾ ಕುಲದ ಹೆಂಗಸು. ಗಂಡ ಸತ್ತಾಗ ಅವಳಿಗೆ ಉಳಿದದ್ದು ಒಂದು ಹಳೆಯ ಪೆಜೋ ಕಾರು. ಹಿಂದಿನ ಸೀಟುಗಳನ್ನು ಕಿತ್ತು ಹಾಕಿ, ತಾಳೆ ಎಣ್ಣೆಯ ಕ್ಯಾನುಗಳನ್ನೂ ಒಣಗಿಸಿದ ಸಿಂಪಿ ಮಾಂಸದ ಮೂಟೆಗಳನ್ನೂ ತುಂಬಿಕೊಂಡು, ತಾನೇ ಓಡಿಸಿಕೊಂಡು ಗ್ಯಾಂಬಿಯಾ ನದಿ ದಾಟಿ ತಿಂಗಳಿಗೊಮ್ಮೆ ನಮ್ಮೂರಿನ ಮಾರುಕಟ್ಟೆಗೆ ಬರುತ್ತಿದ್ದಳು. ಮಾರುಕಟ್ಟೆ ಊರಿನ ಆ ತುದಿ, ನನ್ನ ಬೇವಿನ ಮರ ಈ ತುದಿ. ಕೆಲಸವಿಲ್ಲದೆ ಗಂಡಸಿನ ಅಂಗಡಿಯ ಮುಂದೆ ಬಂದು ಕೂರುವ ಜಾಯಮಾನ ಅವಳದ್ದಲ್ಲ. ಬಲ್ಬು ಹೋದರೆ ಮಾತ್ರ ಬರುವಳು. ವರ್ಷಕ್ಕೆ ಎರಡು ಸಲ. ನನ್ನ ಅದೃಷ್ಟ ಚೆನ್ನಾಗಿದ್ದ ವರ್ಷ ಮೂರು ಸಲ.

ನಾನು ಲಾತಿರ್ ಬಖೂಮ್, ಸೆರೇರ್ ಕುಲದವನು. ಬಹಳ ಹಿಂದೆ ಅಕ್ಕ ತಂಗಿ ಇಬ್ಬರು ಒಂದೇ ದೋಣಿಯಲ್ಲಿ ಹೊರಟಿದ್ದರಂತೆ. ದೋಣಿ ನಡುವೆ ಮುರಿದು, ಒಬ್ಬಳು ತೆಂಕಲಿಗೆ ತೇಲಿಹೋಗಿ ಜೋಲಾಗಳ ತಾಯಿಯಾದಳು, ಇನ್ನೊಬ್ಬಳು ಬಡಗಲಿಗೆ ಬಂದು ನಮ್ಮ ತಾಯಿಯಾದಳು. ಅಂದಿನಿಂದ ಜೋಲಾ ಒಬ್ಬನಿಗೆ ಸೆರೇರನೊಬ್ಬ ಎದುರು ಸಿಕ್ಕರೆ ಮೊದಲ ಮಾತೇ ‘ನೀನು ನಮ್ಮನೆ ಆಳು’. ಬೈದರೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ಮದುವೆ ಮನೆಯಿರಲಿ, ಪೊಲೀಸ್ ಠಾಣೆಯಿರಲಿ, ಸಾವಿನ ಮನೆಯೇ ಇರಲಿ, ತಮಾಷೆ ಬಿಡುವಂತಿಲ್ಲ.

ಸಾವಿನ ಮನೆ ಎಂದೆನಲ್ಲ. ಒಂಬತ್ತು ವರ್ಷದ ಹಿಂದೆ ನನ್ನ ಹೆಂಡತಿ ತೆನಿಂಗ್ ತೀರಿಕೊಂಡಳು. ಮೂರು ದಿನ ಕಣ್ಣಿಂದ ಒಂದು ಹನಿ ಉದುರಲಿಲ್ಲ. ಕಲ್ಲಿನ ಹಾಗೆ ಕೂತಿದ್ದೆ. ಆಗ ಓಡೀಲ್ ಬಂದಳು. ಅಲ್ಲಿಗೆ ಮೂರು ವರ್ಷದ ಪರಿಚಯ, ಆದರೆ ಬರೀ ಗಿರಾಕಿ. ಅಂಗಳದಲ್ಲಿ ಕೂತಿದ್ದ ಪಾದ್ರಿಯನ್ನೂ ಲೆಕ್ಕಿಸದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ನಮ್ಮನೆ ಆಳುಗಳಲ್ಲಿ ನೆಟ್ಟಗೆ ಕೆಲಸ ಮಾಡ್ತಿದ್ದೋಳು ಇವಳೊಬ್ಬಳೇ. ಇವಳನ್ನ ಕಳಿಸಿ ಈ ಸೋಮಾರೀನ ಯಾಕೆ ಉಳಿಸಿಕೊಂಡ್ರಿ? ನಂಗೆ ಒಪ್ಪಿಗೆ ಇಲ್ಲ. ಬದಲಾಯಿಸಿ ಕೊಡಿ!’

ಇಡೀ ಅಂಗಳ ನಕ್ಕಿತು. ನಾನೂ ನಕ್ಕೆ. ನಗುತ್ತ ನಗುತ್ತಲೇ ಅಳು ಬಂತು, ಬಂದದ್ದು ಸಂಜೆಯವರೆಗೆ ನಿಲ್ಲಲಿಲ್ಲ. ಅವಳು ಬೈಯುತ್ತಲೇ ಒಂದು ಬಟ್ಟಲು ನೀರು ತಂದು ನನ್ನ ಕೈಗಿಟ್ಟು, ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಿದ್ದಳು. ಆಮೇಲೆ ಅವಳ ಗಾಡಿಗೆ ಬಲ್ಬು ಹಾಕುವಾಗ ನನ್ನ ಕೈ ಬಟ್ಟೆಯನ್ನು ಹುಡುಕಲಿಲ್ಲ.

ಪಕ್ಕದಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ಮೋರ್ ತಾಲ್ಲಾನಿಗೆ ಇದೆಲ್ಲ ಗೊತ್ತು. ಅವನು ವೊಲೊಫ್ ಕುಲದವನು, ನಮ್ಮ ಈ ಬೈದಾಟದ ನಂಟಿಗೆ ಹೊರಗಿನವನು. ಚಹಾ ಕಾಯಿಸುವಾಗಲೆಲ್ಲ ನನ್ನನ್ನು ಕೆಣಕುತ್ತಿದ್ದ.

‘ಬಾಯಿಬಿಟ್ಟು ಹೇಳಬಾರ್ದಾ ಲಾತಿರಣ್ಣ?’

‘ಹೇಳಿದೀನಿ ಕಣೋ. ಒಂದಲ್ಲ, ನಾಲ್ಕು ಸಲ ಹೇಳಿದೀನಿ.’

‘ಏನಂದ್ಲು?’

‘ಆಳು ಒಡತೀನ ಮದುವೆ ಆಗೋದಾ, ಮೊದ್ಲು ಕಾಲೊತ್ತೋದು ಕಲಿ ಅಂದ್ಲು.’

‘ಅದು ತಮಾಷೆ.’

‘ನಾನು ಹೇಳಿದ್ದೂ ತಮಾಷೆ ಅಂತಾನೇ ಅವಳು ತಿಳ್ಕೊಂಡಿದ್ದು!’

ನನ್ನ ಪಾಡು ಇದು. ಸೆರೇರನೂ ಜೋಲಾಳೂ ಮದುವೆಯಾಗಬಾರದೆಂದೇನಿಲ್ಲ, ಎಷ್ಟೋ ಜನ ಆಗಿದ್ದಾರೆ. ಆದರೆ ದಾರಿಯಲ್ಲಿ ಸಿಕ್ಕ ಪ್ರತಿ ಸೆರೇರನೂ ಪ್ರತಿ ಜೋಲಾ ಹೆಂಗಸಿಗೆ ‘ಬಾ, ನನ್ನ ಹೆಂಡತಿಯಾಗು’ ಎನ್ನುತ್ತಾನೆ. ತೋಳ ಬಂತು ತೋಳ ಎಂದು ಸಾವಿರ ಸಲ ಕೂಗಿದ ಊರಿನಲ್ಲಿ ನಿಜವಾದ ತೋಳ ನಾನು. ನನ್ನನ್ನು ನಂಬುವವರು ಯಾರು?

ಕಳೆದ ಮಾರ್ಚಿನಲ್ಲಿ ಒಂದು ಗುರುವಾರ, ಮಧ್ಯಾಹ್ನದ ಅನ್ನ ಮೀನು ಉಂಡು ಕೈ ತೊಳೆಯುತ್ತಿದ್ದೆ. ಪೆಜೋ ಬಂದು ನಿಂತಿತು.

‘ಏ ಆಳೇ! ಒಡತಿ ಬಂದಿದಾಳೆ, ಎದ್ದು ನಿಲ್ಲೋಕಾಗಲ್ವಾ?’

‘ಒಡತೀನಾ? ನಾನು ಯಾವುದೋ ಹೆಂಡದ ಮಡಕೆ ಉರುಳ್ಕೊಂಡು ಬಂತು ಅನ್ಕೊಂಡೆ.’

‘ಸಜ್ಜೆ ಹಿಟ್ಟು ತಿಂದೂ ತಿಂದೂ ಕಣ್ಣಿಗೂ ಹಿಟ್ಟು ಮೆತ್ಕೊಂಡಿದೆ ನಿಂಗೆ. ಬಲಗಡೆ ದೀಪ ಮತ್ತೆ ಹೋಯ್ತು, ನೋಡು.’

ಹನ್ನೆರಡು ವರ್ಷದಲ್ಲಿ ಅವಳು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ. ಬಾನೆಟ್ ಎತ್ತಿದೆ. ಬಲ್ಬಿನ ಹಿಂದಿನ ಪ್ಲಗ್ ಎಂದಿನಂತೆ ಸಡಿಲವಾಗಿತ್ತು. ಅವಳ ಊರಿನ ಕೆಂಪು ಮಣ್ಣಿನ ರಸ್ತೆಗೆ ಮನುಷ್ಯರ ಹಲ್ಲೇ ಅಲ್ಲಾಡುತ್ತದೆ, ಇನ್ನು ಪ್ಲಗ್ ಯಾವ ಲೆಕ್ಕ. ಬಲ್ಬನ್ನು ಎಳೆದು, ನೋಡದೆಯೇ, ನನ್ನ ಟೊಮ್ಯಾಟೊ ಡಬ್ಬಕ್ಕೆ ಹಾಕಿದೆ. ಅವಳ ಬಲ್ಬುಗಳನ್ನೆಲ್ಲ ಆ ಡಬ್ಬದಲ್ಲಿಯೇ ಇಟ್ಟಿದ್ದೇನೆ. ಒಂದನ್ನೂ ಎಸೆದಿಲ್ಲ, ಒಂದನ್ನೂ ಬ್ಯಾಟರಿಗೆ ಹಿಡಿದು ಪರೀಕ್ಷೆ ಮಾಡಿಲ್ಲ. ಬಲ್ಬು ಸರಿಯಿದೆ ಎಂದು ಗೊತ್ತಾದರೆ ಪ್ಲಗ್ ಒತ್ತಿ ಎರಡು ನಿಮಿಷಕ್ಕೆ ಕಳಿಸಬೇಕಾಗುತ್ತದಲ್ಲ! ಅಂಥ ಪೆದ್ದುಕೆಲಸಕ್ಕೆ ನಾನು ಯಾಕೆ ಕೈ ಹಾಕಲಿ. ಹೊಸ ಬಲ್ಬು ತೆಗೆದುಕೊಂಡೆ.

‘ಅದು ಬೇಡ. ಎಲ್‌ಇಡಿ ಹಾಕು,’ ಎಂದಳು. ‘ಎರಡೂ ಕಡೆ. ಇಂಡಿಕೇಟರ್ರು, ಹಿಂದಿನ ದೀಪ, ಎಲ್ಲಾ.’

ಎಲ್‌ಇಡಿ ಎಂದದ್ದೇ ತಡ, ತಾಲ್ಲಾ ಚಹಾದ ಕೆಟಲ್ ಬಿಟ್ಟು ಡಬ್ಬಿಗಳನ್ನು ಹೊತ್ತು ಓಡಿಬಂದ. ‘ಅಕ್ಕ, ಇದು ನೋಡಿ. ಅಗ್ಗದ್ದು, ಆದ್ರೆ ಕಳಪೆ ಅಲ್ಲ. ಐವತ್ತು ಸಾವಿರ ಗಂಟೆ ಗ್ಯಾರಂಟಿ.’

‘ಗ್ಯಾರಂಟಿ ಕೊಟ್ಟೋನು ಎಲ್ಲಿರ್ತಾನೆ?’

‘ಚೀನಾದಲ್ಲಿ.’

‘ಕೆಟ್ಟೋದ್ರೆ ಅಲ್ಲಿಗೆ ಹೋಗಿ ಬರೋ ಖರ್ಚೂ ಅವನೇ ಕೊಡ್ತಾನಾ?’

ತಾಲ್ಲಾ ನಕ್ಕ. ನನಗೆ ನಗು ಬರಲಿಲ್ಲ. ತಲೆ ತನ್ನಷ್ಟಕ್ಕೇ ಲೆಕ್ಕ ಹಾಕುತ್ತಿತ್ತು. ದೀಪ ಹಾಕಿಕೊಂಡು ಅವಳು ಗಾಡಿ ಓಡಿಸುವುದು ವಾರಕ್ಕೆ ಹೆಚ್ಚೆಂದರೆ ನಾಲ್ಕು ಗಂಟೆ. ವರ್ಷಕ್ಕೆ ಇನ್ನೂರು ಚಿಲ್ಲರೆ. ಐವತ್ತು ಸಾವಿರ ಗಂಟೆಯೆಂದರೆ ಇನ್ನೂರ ನಲವತ್ತು ವರ್ಷ. ಇನ್ನೂರ ನಲವತ್ತು ವರ್ಷ ಕಳೆದ ಮೇಲೆ ಅವಳು ಮತ್ತೆ ನನ್ನ ಮರದಡಿಗೆ ಬರುತ್ತಾಳೆ.

‘ಹಳೇದಕ್ಕೇನಾಗಿತ್ತು?’ ಎಂದೆ. ‘ಅಗ್ಗದ ಎಲ್‌ಇಡಿ ನಂಬೋ ಹಾಗಿಲ್ಲ. ಎದುರಿನವರ ಕಣ್ಣು ಕುಕ್ಕುತ್ತೆ. ಮಂಜಲ್ಲಿ ಏನೂ ಕಾಣ್ಸಲ್ಲ.’

‘ಮಂಜು! ಕೌಲಾಕಿನ ಉಪ್ಪಿನ ಗದ್ದೇಲಿ ಬೇಯ್ತಾ ಇರೋನು ಮಂಜಿನ ಮಾತಾಡ್ತಾನೆ ನೋಡಪ್ಪ.’ ಮರದ ಬುಡದ ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿದಳು. ಆಮೇಲೆ, ಗಾಡಿಯ ಕಡೆ ನೋಡುತ್ತ ಹೇಳಿದಳು: ‘ಇದೇ ಕಡೇ ಸಲ ಕಣೋ. ಇನ್ನು ಈ ಕಡೆ ಬರಲ್ಲ. ಎಣ್ಣೆ ಕೊಳ್ಳೋರು ಮನೆ ಬಾಗಿಲಿಗೇ ಲಾರಿ ಕಳಿಸ್ತಾರಂತೆ. ನಾನು ಊರಲ್ಲೇ ಮೀನು ಸಾಗಿಸ್ಕೊಂಡಿರ್ತೀನಿ. ಬೆಳಗಿನ ಜಾವ ಕತ್ತಲಲ್ಲೇ ಕಡಲ ತೀರಕ್ಕೆ ಹೋಗ್ಬೇಕು. ಅಲ್ಲಿ ದೀಪ ಹಾಕೋ ಆಳು ಯಾರಿದಾನೆ ನಂಗೆ? ಅದಕ್ಕೇ ಕೆಡದೇ ಇರೋದು ಹಾಕಿಸ್ಕೊಂಡು ಹೋಗ್ತೀನಿ.’

ಅಂಥ ಹೊತ್ತಿಗೂ ನನ್ನ ಬಾಯಿಂದ ಬಂದದ್ದು ಹಳೆಯ ಚಾಳಿಯ ಮಾತೇ: ‘ಪೀಡೆ ತೊಲಗ್ತು ಹಾಗಾದ್ರೆ.’

‘ಹೂಂ,’ ಎಂದಳು. ‘ತೊಲಗ್ತು.’

ಕೆಲಸಕ್ಕೆ ಕೂತೆ. ಈ ಎಲ್‌ಇಡಿಗೆ ಬಾಲದಲ್ಲಿ ಒಂದು ಪುಟ್ಟ ಫ್ಯಾನ್ ಇರುತ್ತದೆ. ಫ್ಯಾನ್ ತಿರುಗಿದರೆ ದೀಪ ತಣ್ಣಗಿರುತ್ತದೆ, ನಿಂತರೆ ಒಳಗೊಳಗೇ ಬೆಂದು ತಿಂಗಳಿಗೆ ಸಾಯುತ್ತದೆ. ಆ ಫ್ಯಾನಿನ ವೈರು ಕೂದಲಷ್ಟು ತೆಳು. ಉಗುರಿನಿಂದ ಒಮ್ಮೆ ಚಿವುಟಿದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ದೀಪ ಹೋದರೆ ಗ್ಯಾರಂಟಿ ಕೇಳಿಕೊಂಡು ಜಗಳ ಆಡಲಿಕ್ಕಾದರೂ ಬಂದಾಳು. ನನ್ನ ಉಗುರು ಆ ವೈರಿನ ಮೇಲೆಯೇ ಇತ್ತು. ಎಷ್ಟು ಹೊತ್ತು ಇತ್ತೋ ಹೇಳಲಾರೆ.

ಆದರೆ ಬೆಳಗಿನ ಜಾವದ ಆ ರಸ್ತೆ ನನಗೆ ಗೊತ್ತು. ಒಮ್ಮೆ ಹೋಗಿದ್ದೇನೆ. ರಸ್ತೆಯ ನಡುವೆ ದನಗಳು ಮಲಗಿರುತ್ತವೆ, ಸೌದೆ ತುಂಬಿದ ಲಾರಿಗಳು ಹಿಂದೆ ದೀಪವೇ ಇಲ್ಲದೆ ನಿಂತಿರುತ್ತವೆ. ಬೆರಳ ಜಿಡ್ಡಿನ ಮೋಸ ಬೇರೆ, ಇದು ಬೇರೆ. ಉಗುರು ತೆಗೆದೆ.

ತೆಗೆದ ಮೇಲೆ ನನ್ನ ಜನ್ಮದಲ್ಲಿ ಮಾಡದಷ್ಟು ಚೊಕ್ಕಟವಾಗಿ ಆ ಕೆಲಸ ಮಾಡಿದೆ. ಧೂಳು ತಡೆಯುವ ರಬ್ಬರನ್ನು ಫ್ಯಾನಿನ ಅಳತೆಗೆ ಕತ್ತರಿಸಿದೆ. ಬಲ್ಬಿನ ಕೊರಳಪಟ್ಟಿಯ ಸ್ಕ್ರೂ ಸಡಿಲಿಸಿ, ಬೆಳಕು ಬೀರುವ ಚಿಪ್‌ಗಳು ನೆಟ್ಟಗೆ ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ತಿರುಗಿಸಿದೆ. ಹಾಗೆ ಮಾಡದಿದ್ದರೆ ಬೆಳಕು ರಸ್ತೆಗೆ ಬೀಳದೆ ಎದುರಿನವನ ಕಣ್ಣಿಗೆ ಬೀಳುತ್ತದೆ, ಅಗ್ಗದ ಎಲ್‌ಇಡಿಗೆ ಕೆಟ್ಟ ಹೆಸರು ಬಂದದ್ದೇ ಈ ಸೋಮಾರಿತನದಿಂದ. ಪ್ಲಗ್‌ಗಳನ್ನು ಇನ್ನು ಅಲ್ಲಾಡದ ಹಾಗೆ ಪಟ್ಟಿ ಹಾಕಿ ಬಿಗಿದೆ. ಇಂಡಿಕೇಟರ್‌ಗಳಿಗೆ ಹಾಕಿ ಸ್ವಿಚ್ ಒತ್ತಿದರೆ ಟಿಕಟಿಕಟಿಕ ಎಂದು ಹುಚ್ಚು ಹಿಡಿದಂತೆ ಮಿನುಗತೊಡಗಿದವು.

‘ಇದಕ್ಕೇನು ಬಂತೋ ರೋಗ?’

‘ಎಲ್‌ಇಡಿ ಕರೆಂಟು ತಿನ್ನೋದು ಕಮ್ಮಿ. ಬಲ್ಬೇ ಸುಟ್ಟೋಗಿದೆ ಅಂದ್ಕೊಂಡು ಮಿನುಗಿಸೋ ಹಳೇ ರಿಲೇ ಗಾಬರಿಯಾಗಿದೆ. ಅದನ್ನ ಬದಲಾಯಿಸ್ಬೇಕು.’

‘ಅನ್ನ ಕಂಡಾಗ ನಿನ್ನ ಎದೆ ಹಿಂಗೇ ಹೊಡ್ಕೊಳತ್ತೆ ಅಲ್ವಾ?’

‘ಅನ್ನ ಕಂಡಾಗ ಅಲ್ಲ,’ ಎಂದೆ.

ಅವಳು ಕೇಳಿಸಿಕೊಂಡಳೋ ಇಲ್ಲವೋ. ತಾಲ್ಲಾ ಕೊಟ್ಟ ಚಹಾದ ಮೂರನೆಯ ಲೋಟ ಕುಡಿಯುತ್ತಿದ್ದಳು. ಎಂದೂ ಎರಡನೆಯ ಲೋಟಕ್ಕೇ ಎದ್ದುಬಿಡುವವಳು.

ಸೂರ್ಯ ಮುಳುಗುವ ಹೊತ್ತಿಗೆ ಗಾಡಿಯನ್ನು ಹಳೆಯ ಕಡಲೆಕಾಯಿ ಗೋದಾಮಿನ ಗೋಡೆಗೆ ಎದುರಾಗಿ ನಿಲ್ಲಿಸಿ, ಇದ್ದಿಲಿನಿಂದ ಗೆರೆ ಎಳೆದು, ಬೆಳಕು ಗೆರೆಯ ಕೆಳಗೇ ನಿಲ್ಲುವಂತೆ ಹೊಂದಿಸಿದೆ. ಆಸ್ಪತ್ರೆಯ ಗೋಡೆಯಂಥ ಬಿಳಿ. ಹಳೆಯ ಬಲ್ಬಿನ ಬೆಳಕಿಗೆ ಅವಳ ಕ್ಯಾನಿನ ಎಣ್ಣೆಯ ಬಣ್ಣವಿತ್ತು. ನನಗೆ ಅದೇ ಇಷ್ಟ. ಆದರೆ ಕೇಳುವವರು ಯಾರು, ರಸ್ತೆ ಚೆನ್ನಾಗಿ ಕಾಣುವುದು ಇದರಲ್ಲಿಯೇ.

ತಾಲ್ಲಾ ನಮಾಜಿಗೆ ಹೋಗಿದ್ದ. ನಾವಿಬ್ಬರೇ ಆ ಗೋಡೆಯ ಮುಂದೆ ನಿಂತಿದ್ದೆವು.

‘ಓಡೀಲ್,’ ಎಂದೆ. ‘ಹೋಗ್ಬೇಡ. ನನ್ನ ಮದುವೆ ಆಗು.’

‘ಐದನೇ ಸಲ,’ ಎಂದಳು. ‘ಆಳಿಗೆ ಸಂಬಳ ಹೆಚ್ಚು ಮಾಡ್ಬೇಕು, ಬೇಡೋದ್ರಲ್ಲಿ ಸೋಮಾರಿ ಅಲ್ಲ.’

ಎಣಿಸಿಟ್ಟಿದ್ದಾಳೆ ಎಂದು ಆಗ ನನಗೆ ಹೊಳೆಯಲೇ ಇಲ್ಲ. ನನ್ನ ಹಾಳು ತಲೆ ಬೇರೆ ಕಡೆ ಓಡುತ್ತಿತ್ತು. ಇದನ್ನು ನಂಬದಿದ್ದರೆ ಇನ್ನೊಂದನ್ನಾದರೂ ನಂಬಲಿ ಎಂದು ಬೆರಳಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಒಂಬತ್ತು ವರ್ಷ, ಬಲಗಡೆಯ ದೀಪ, ಜಿಡ್ಡು, ಎಲ್ಲ. ‘ನೀನು ಬೇಗ ಬರ್ಲಿ ಅಂತ ಮಾಡ್ದೆ. ತಮಾಷೆ ಅಲ್ಲ ಇದು.’

ಅವಳು ನನ್ನ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಬಿಳಿ ಬೆಳಕನ್ನೇ ನೋಡಿದಳು. ಆಮೇಲೆ ನಕ್ಕಳು, ಎಂದಿನ ದೊಡ್ಡ ನಗೆ, ಸ್ವಲ್ಪ ತಡವಾಗಿ. ‘ಕಳ್ಳ ಸೆರೇರ! ದಂಡ ಹಾಕ್ತೀನಿ ಇರು.’ ಒಂದು ಕ್ಯಾನ್ ತಾಳೆ ಎಣ್ಣೆಯನ್ನು ನನ್ನ ಬೆಂಚಿನ ಮೇಲಿಟ್ಟು, ಗಾಡಿ ಹತ್ತಿ ಹೊರಟಳು. ಹೆದ್ದಾರಿಯ ತಿರುವಿನಲ್ಲಿ ಎಡಗಡೆಯ ಇಂಡಿಕೇಟರ್ ಮಿನುಗಿತು, ಗಾಬರಿಯಿಲ್ಲದೆ, ಸರಿಯಾದ ಲಯದಲ್ಲಿ. ನಾನೇ ಸರಿ ಮಾಡಿದ್ದು.

ಆಮೇಲಿನ ದಿನಗಳ ಬಗ್ಗೆ ಏನು ಹೇಳಲಿ. ಪೆಜೋ ಗಾಡಿಯ ಸದ್ದಿಗೆಲ್ಲ ಕತ್ತು ತಿರುಗುತ್ತಿತ್ತು. ಎಣ್ಣೆಯ ಕ್ಯಾನಿನ ಮುಚ್ಚಳ ತೆಗೆಯಲು ಮನಸ್ಸಾಗಲಿಲ್ಲ. ಯಾರೂ ಆಳೇ ಎಂದು ಕರೆಯದೆ ಮರದಡಿಯೆಲ್ಲ ಬಣಗುಡುತ್ತಿತ್ತು. ‘ಹೊಸ ದೀಪಾನೂ ಕೆಡಬಹುದು ಬಿಡಣ್ಣ, ನಾನು ಮಾರಿದ್ದಲ್ವಾ,’ ಎಂದು ತಾಲ್ಲಾ ಸಮಾಧಾನ ಹೇಳಿದ. ಕೆಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೇ ತಿಂಗಳಲ್ಲಿ ಒಬ್ಬ ಮುದುಕ ಹಳೆಯ ಪೆಜೋ ತಂದ. ಹೊಸ ಬಲ್ಬು ಬೇಡ, ಯಾವುದಾದರೂ ಹಳೆಯದಿದ್ದರೆ ಹಾಕು ಎಂದ. ಇಲ್ಲ ಎಂದೆ. ಮುದುಕನ ಕಣ್ಣು ಟೊಮ್ಯಾಟೊ ಡಬ್ಬದ ಮೇಲೆ ಬಿತ್ತು.

‘ಅದರಲ್ಲಿ ಅಷ್ಟೊಂದಿದಾವಲ್ಲಪ್ಪ.’

‘ಎಲ್ಲಾ ಸುಟ್ಟೋಗಿರೋವು ತಾತ.’

‘ನೋಡಿದ್ಯಾ?’

ನೋಡಿರಲಿಲ್ಲ. ಮುದುಕನ ಬಾಯಿ ಮುಚ್ಚಿಸಲೆಂದು ಮೇಲಿನದನ್ನು ತೆಗೆದೆ. ಅವಳು ಕಡೆಯ ಸಲ ಬಂದಾಗ ಬಿಚ್ಚಿದ್ದು. ಗಾಜಿನ ಮೇಲೆ ನನ್ನ ಹೆಬ್ಬೆರಳಿನ ಗುರುತು ಕಂದು ಬಣ್ಣಕ್ಕೆ ಸುಟ್ಟು ಕೂತಿತ್ತು. ಎರಡು ವೈರು ಹಿಡಿದು ಬ್ಯಾಟರಿಗೆ ಮುಟ್ಟಿಸಿದೆ.

ಉರಿಯಿತು.

ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ, ನನ್ನ ಕೈಯಲ್ಲಿ, ಆ ಹಳದಿ ಬೆಳಕು. ಇನ್ನೊಂದು ತೆಗೆದೆ, ಅದೂ ಉರಿಯಿತು. ಮೂರನೆಯದು ಸತ್ತಿತ್ತು. ನಾಲ್ಕು, ಐದು, ಆರು ಉರಿದವು. ಡಬ್ಬದಲ್ಲಿ ಇದ್ದದ್ದು ಹತ್ತೊಂಬತ್ತು. ಅದರಲ್ಲಿ ಹದಿನಾಲ್ಕು ಜೀವಂತವಾಗಿದ್ದವು. ನನ್ನ ಬೆರಳಿನ ಮೋಸಕ್ಕೆ ಬಲಿಯಾದದ್ದು ಬರೀ ಐದು.

ಹೆಚ್ಚುಕಡಿಮೆ ಪ್ರತಿ ಸಲವೂ ಸಡಿಲವಾಗಿರುತ್ತಿದ್ದ ಆ ಪ್ಲಗ್. ಬಲಗಡೆಯದು ಮಾತ್ರ. ಅದೇ ರಸ್ತೆಯಲ್ಲಿ ಕುಲುಕಾಡಿ ಬಂದ ಎಡಗಡೆಯ ಪ್ಲಗ್ ಒಮ್ಮೆಯೂ ಸಡಿಲವಾಗಿರಲಿಲ್ಲ. ಕರೆಂಟಿನ ಕೆಲಸದವನಿಗೆ ಇಷ್ಟು ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ಪ್ಲಗ್ ಸಡಿಲಿಸಲು ಬಾನೆಟ್ ಎತ್ತಬೇಕು, ಕೈ ಮಸಿ ಮಾಡಿಕೊಳ್ಳಬೇಕು. ಅವಳು ಎಲ್ಲಿ ನಿಲ್ಲಿಸಿ ಮಾಡುತ್ತಿದ್ದಳೋ. ಮಾರುಕಟ್ಟೆಯ ಹಿಂದೆಯೋ, ಊರಿನ ಬಾಗಿಲಿನಲ್ಲೋ. ಮಾಡಿ, ಕೈ ಒರೆಸಿಕೊಂಡು, ಬೈಗುಳ ಜೋಡಿಸಿಕೊಂಡು ನನ್ನ ಮರದಡಿಗೆ ಬರುತ್ತಿದ್ದಳು. ಆ ದಿನ ನಾನೇ ಪಟ್ಟಿ ಹಾಕಿ ಬಿಗಿದು ಕಳಿಸಿದೆನಲ್ಲ.

‘ಅದ್ರಲ್ಲಿ ಒಂದು ಹಾಕಪ್ಪ ನಂಗೆ,’ ಎಂದ ಮುದುಕ.

‘ಇವು ಮಾರಾಟಕ್ಕಿಲ್ಲ,’ ಎಂದು, ಒಂದು ಹೊಸದನ್ನು ಪುಕ್ಕಟೆ ಹಾಕಿ ಕಳಿಸಿದೆ. ಬಟ್ಟೆ ಹಿಡಿದೇ ಹಾಕಿದೆ.

ಆಮೇಲೆ ಆ ಮೊದಲ ಬಲ್ಬನ್ನು ಮತ್ತೊಮ್ಮೆ ಉರಿಸಿ ನೋಡಿ, ಫೋನ್ ತೆಗೆದು ಅವಳ ನಂಬರು ಒತ್ತಿದೆ. ಆ ಕಡೆ ಯಾರೋ ಭತ್ತ ಕುಟ್ಟುವ ಸದ್ದು.

‘ಏನೋ ಆಳೇ! ಒಡತಿ ನೆನಪಾದ್ಲಾ?’

ಏನೇನೋ ಹೇಳಬೇಕೆಂದುಕೊಂಡಿದ್ದೆ. ಕೈಯಲ್ಲಿ ಆ ಬಲ್ಬು ಇನ್ನೂ ಬಿಸಿಯಾಗಿತ್ತು.

‘ನಿನ್ನ ಹಳೇ ಬಲ್ಬು ಉರೀತಾ ಇದೆ,’ ಎಂದೆ.

ಭತ್ತ ಕುಟ್ಟುವ ಸದ್ದು ನಿಂತಿತು. ಕುಟ್ಟುತ್ತಿದ್ದವಳು ಅವಳೇ ಎಂದು ಆಗ ತಿಳಿಯಿತು. ನಾನು ಬೈಗುಳಕ್ಕೆ ಕಾದೆ. ಸಜ್ಜೆ ಹಿಟ್ಟು ಬರಲಿಲ್ಲ, ಸೋಮಾರಿ ಬರಲಿಲ್ಲ, ಆಳೂ ಬರಲಿಲ್ಲ.

‘ಇವತ್ತಾದ್ರೂ ನೋಡಿದ್ಯಾ ಲಾತಿರ್?’ ಎಂದಳು.